ಓದುಗರ ಪ್ರಶ್ನೆ: ಆರೋಗ್ಯ ವಿಮೆಯ ಹೆಸರಿನಲ್ಲಿ ಫೋನ್ ಬಂದಾಗ

ಈ ಸಲದ ಅಂಕಣ ಪೂರ್ತಿ ಒಂದೇ ವಿಷಯಕ್ಕೆ. ಆಯುಷ್ಮಾನ್ ಕಾರ್ಡು, ಪಾಲಿಸಿ ನವೀಕರಣ, ಪ್ರೀಮಿಯಂ ವಾಪಸಾತಿ ಎಂದು ಹಿರಿಯರಿಗೆ ಬರುವ ಕರೆಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇವೆ. ಕೇಳಿದವರ ಹೆಸರು, ಊರು ಹಾಕಿಲ್ಲ.

ಪ್ರಶ್ನೆ: ಅಪ್ಪನಿಗೆ 74 ವರ್ಷ. ‘ಆಯುಷ್ಮಾನ್ ಕಚೇರಿಯಿಂದ ಮಾತಾಡ್ತಿದ್ದೇವೆ, ಎಪ್ಪತ್ತು ದಾಟಿದವರಿಗೆ ಐದು ಲಕ್ಷದ ಕಾರ್ಡು ಬಂದಿದೆ, ವಾಟ್ಸ್‌ಆ್ಯಪ್‌ಗೆ ಫೈಲ್ ಕಳಿಸ್ತೇವೆ, ಒತ್ತಿ ಯಜಮಾನ್ರೇ’ ಅಂತ ಫೋನ್ ಬಂತಂತೆ. ಅಪ್ಪ ಒತ್ತಿದ್ದಾರೆ. ಅದು ಏನೇನೋ ಕೇಳಿತು, ಎಲ್ಲದಕ್ಕೂ ‘ಅಲೋ’ (ಅನುಮತಿ) ಕೊಟ್ಟೆ ಅಂತಾರೆ. ಹಣ ಮಾತ್ರ ಹೋಗಿಲ್ಲ. ಸುಮ್ಮನಿದ್ದರೆ ನಡೆಯುತ್ತದೆಯೇ?

ಉತ್ತರ: ನಡೆಯುವುದಿಲ್ಲ. ಬಂದಿದ್ದು ಎಪಿಕೆ ಫೈಲು, ಅಂದರೆ ಆ್ಯಂಡ್ರಾಯ್ಡ್ ಫೋನಿನೊಳಗೆ ಆ್ಯಪ್ ಕೂರಿಸುವ ಕಡತ. ‘ಅಲೋ’ ಕೊಟ್ಟಿದ್ದರಲ್ಲಿ ಎಸ್ಎಂಎಸ್ ಓದುವ ಅನುಮತಿ ಇದ್ದೇ ಇರುತ್ತದೆ ಎಂದುಕೊಳ್ಳಿ. ಅದು ಸಿಕ್ಕ ಮೇಲೆ ಬ್ಯಾಂಕಿನ ಒಟಿಪಿ ನಿಮ್ಮ ತಂದೆಯವರ ಕಣ್ಣಿಗೆ ಬೀಳುವ ಹೊತ್ತಿಗೆ ಬೇರೆಯವರ ಕೈಲೂ ಇರುತ್ತದೆ. ಜೊತೆಗೆ ‘ಆಕ್ಸೆಸಿಬಿಲಿಟಿ’ ಅನುಮತಿಯನ್ನೂ ಕೊಟ್ಟಿದ್ದರೆ ಇನ್ನೂ ಕಷ್ಟ. ಆ ಆ್ಯಪ್ ಪರದೆಯ ಮೇಲಿನದನ್ನು ಓದಬಲ್ಲದು, ಗುಂಡಿಗಳನ್ನು ತಾನೇ ಒತ್ತಬಲ್ಲದು. ಹಣ ಇನ್ನೂ ಹೋಗಿಲ್ಲ ಎನ್ನುವುದರಲ್ಲಿ ಸಮಾಧಾನ ಪಡುವಂಥದ್ದೇನಿಲ್ಲ. ಖಾತೆಗೆ ಪಿಂಚಣಿ ಬೀಳುವವರೆಗೆ, ಠೇವಣಿಯ ಅವಧಿ ಮುಗಿಯುವವರೆಗೆ ಮೋಸಗಾರರು ಕಾದು ಕುಳಿತುಕೊಳ್ಳುವುದೂ ಉಂಟು.

ಮೊದಲು ಆ ಫೋನಿನ ಮೊಬೈಲ್ ಡೇಟಾ, ವೈಫೈ ಎರಡನ್ನೂ ಆರಿಸಿ. ಆಮೇಲೆ ಸಿಮ್ ತೆಗೆದು ಹಳೆಯ ಗುಂಡಿ ಫೋನಿಗೆ ಹಾಕಿ. ಇದರಿಂದ ಒಟಿಪಿ ಸೋರುವುದು ಅಲ್ಲಿಗೇ ನಿಲ್ಲುತ್ತದೆ, ಬ್ಯಾಂಕಿನ ಸಂದೇಶಗಳೂ ನಿಮಗೆ ಬರುತ್ತಿರುತ್ತವೆ. ಬ್ಯಾಂಕಿಗೆ ಕರೆ ಮಾಡುವುದು ಆ ಗುಂಡಿ ಫೋನಿನಿಂದಲೋ ನಿಮ್ಮ ಫೋನಿನಿಂದಲೋ ಆಗಲಿ, ಸೋಂಕು ಹತ್ತಿದ ಫೋನಿನಿಂದ ಬೇಡ. ನೆಟ್ ಬ್ಯಾಂಕಿಂಗ್, ಡೆಬಿಟ್ ಕಾರ್ಡು, ಯುಪಿಐ ಮೂರನ್ನೂ ತಡೆಹಿಡಿಸಿ. ಪಾಸ್‌ಬುಕ್ಕಿನ ಹಿಂದೆ, ಕಾರ್ಡಿನ ಹಿಂದೆ ಇರುವ ನಂಬರಿಗೇ ಮಾಡಿ. ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್’ ಎಂದು ಹುಡುಕಿದರೆ ಅಲ್ಲೂ ನಕಲಿ ನಂಬರು ಸಿಗಬಹುದು. ಸ್ಟಾರ್ ಹ್ಯಾಶ್ 21 ಹ್ಯಾಶ್ ಒತ್ತಿದರೆ ಕರೆಗಳು ಬೇರೆ ನಂಬರಿಗೆ ತಿರುಗಿವೆಯೇ ಎಂದು ತೋರಿಸುತ್ತದೆ. ತಿರುಗಿದ್ದರೆ ಸಿಮ್ ಕಂಪನಿಗೆ ಹೇಳಿ ರದ್ದು ಮಾಡಿಸಿ.

ಇನ್ನು ಫೋನು. ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿ ಹುಡುಕಿ. ಮುಖಪುಟದಲ್ಲಿ ಐಕಾನ್ ಇಲ್ಲದಿದ್ದರೂ ಪಟ್ಟಿಯಲ್ಲಿ ಇರುತ್ತದೆ, ಹೆಸರು ಮಾತ್ರ ಸರ್ಕಾರಿ ಯೋಜನೆಯದ್ದೋ ಗೂಗಲ್‌ನದ್ದೋ ಅನ್ನುವ ಹಾಗಿರಬಹುದು. ‘ಅನ್‌ಇನ್‌ಸ್ಟಾಲ್’ ಗುಂಡಿ ಮಂಕಾಗಿ ಒತ್ತಲು ಬರದಿದ್ದರೆ ಅದು ‘ಡಿವೈಸ್ ಅಡ್ಮಿನ್’ ಆಗಿ ಕುಳಿತಿದೆ ಎಂದರ್ಥ. ಮೊದಲು ಆ ಅಧಿಕಾರ, ಆಕ್ಸೆಸಿಬಿಲಿಟಿ ಅನುಮತಿ ಎರಡನ್ನೂ ಕಿತ್ತು, ಆಮೇಲೆ ತೆಗೆಯಿರಿ. ನಮ್ಮನ್ನು ಕೇಳಿದರೆ ಇಷ್ಟಕ್ಕೇ ನಿಲ್ಲಬೇಡಿ. ಫೋಟೋ, ಫೋನ್ ನಂಬರುಗಳನ್ನು ಬೇರೆ ಕಡೆ ಉಳಿಸಿ ಫ್ಯಾಕ್ಟರಿ ರಿಸೆಟ್ ಮಾಡಿಬಿಡಿ. ಪಾಸ್‌ವರ್ಡುಗಳನ್ನು ಬೇರೆ ಫೋನಿನಲ್ಲಿ ಬದಲಿಸಿ, ವಾಟ್ಸ್‌ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ನಲ್ಲಿ ಗೊತ್ತಿಲ್ಲದ್ದೇನಾದರೂ ಇದ್ದರೆ ಹೊರಹಾಕಿ.

ಕಾರ್ಡೇನೋ ನಿಜವಾಗಿಯೂ ಇದೆ, ಅದಕ್ಕೇ ಈ ಸುಳ್ಳು ಓಡುತ್ತದೆ. ಎಪ್ಪತ್ತು ತುಂಬಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆ ಕೊಡುವ ಆಯುಷ್ಮಾನ್ ವಯ ವಂದನಾ ಕಾರ್ಡಿಗೆ 2024ರ ಅಕ್ಟೋಬರ್ 29ರಂದು ಚಾಲನೆ ಕೊಟ್ಟರು. ಅದಕ್ಕೆ ಶುಲ್ಕವಿಲ್ಲ. ಪ್ಲೇಸ್ಟೋರಿನಲ್ಲಿರುವ ಆಯುಷ್ಮಾನ್ ಆ್ಯಪ್‌ನಲ್ಲಿ ಅಥವಾ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದ ಫಲಾನುಭವಿ ಪೋರ್ಟಲ್‌ನಲ್ಲಿ ಆಧಾರ್ ಇ-ಕೆವೈಸಿ ಮಾಡಿಸಿದರೆ ಆಯಿತು. ಸಿಜಿಎಚ್ಎಸ್ (ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆ), ಇಸಿಎಚ್ಎಸ್ (ಮಾಜಿ ಸೈನಿಕರದ್ದು) ಸೌಲಭ್ಯ ಇರುವವರು ಅದು ಬೇಕೋ ಇದು ಬೇಕೋ ಒಂದನ್ನು ಆರಿಸಿಕೊಳ್ಳಬೇಕು. ಖಾಸಗಿ ಪಾಲಿಸಿ ಇದ್ದವರು ಎರಡನ್ನೂ ಇಟ್ಟುಕೊಳ್ಳಬಹುದು. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಕಾರ್ಡು ನಡೆಯುತ್ತದೆ ಎಂಬುದನ್ನು 14555ಕ್ಕೆ ನೀವೇ ಕರೆ ಮಾಡಿ ಕೇಳಿ.

ಪ್ರಶ್ನೆ: ಅಮ್ಮನಿಗೆ 66. ‘ನಿಮ್ಮ ಪಾಲಿಸಿಯಲ್ಲಿ ವರ್ಷಕ್ಕೊಂದು ಉಚಿತ ತಪಾಸಣೆ ಇದೆ, ಬನ್ನಿ’ ಎಂದು ಫೋನ್ ಮಾಡಿ ಒಂದು ಶಿಬಿರಕ್ಕೆ ಕರೆಸಿಕೊಂಡರು. ಬಿಪಿ, ಶುಗರ್ ನೋಡಿ, ಆಧಾರ್ ಮತ್ತು ಹೆಲ್ತ್ ಕಾರ್ಡಿನ ಜೆರಾಕ್ಸ್ ತೆಗೆದುಕೊಂಡು, ಎರಡು ಮೂರು ಫಾರಂಗೆ ಸಹಿ ಹಾಕಿಸಿಕೊಂಡರು. ಮೂರು ವಾರದ ಮೇಲೆ 48,000 ರೂಪಾಯಿಯ ಕ್ಯಾಶ್‌ಲೆಸ್ ಕ್ಲೇಮು ಮಂಜೂರಾಗಿದೆ ಅಂತ ವಿಮಾ ಕಂಪನಿಯಿಂದ ಮೆಸೇಜು. ಅಮ್ಮ ಎಲ್ಲೂ ಅಡ್ಮಿಟ್ ಆಗಿಲ್ಲ. ನಮ್ಮ ಹಣವಂತೂ ಹೋಗಿಲ್ಲ, ಕಂಪನಿಯ ತಲೆನೋವು ಅಂತ ಬಿಟ್ಟುಬಿಡಬಹುದಾ?

ಉತ್ತರ: ಬಿಡಬೇಡಿ, ಈ ನಷ್ಟ ನಿಮ್ಮದೇ. ಅದು ಕಣ್ಣಿಗೆ ಬೀಳುವುದು ತಡವಾಗಿ, ಅಷ್ಟೆ.

ಕೂಡಲೇ ಆಗುವುದು, ಆ ವರ್ಷದ ವಿಮಾ ಮೊತ್ತದಲ್ಲಿ 48,000 ಕಡಿಮೆಯಾಗುತ್ತದೆ. ಮೂರು ಲಕ್ಷದ ಪಾಲಿಸಿಯಾದರೆ ನಿಜವಾಗಿ ಆಸ್ಪತ್ರೆ ಸೇರುವ ದಿನ ಉಳಿದಿರುವುದು 2,52,000. ಎರಡನೆಯದು, ಕ್ಲೇಮು ಇಲ್ಲದ ವರ್ಷಗಳಿಗೆ ಕೂಡಿ ಬಂದ ಬೋನಸ್ಸು ಪಾಲಿಸಿಯ ಷರತ್ತಿನಂತೆ ಇಳಿಯಬಹುದು. ನಮಗೆ ಹೆಚ್ಚು ಭಯ ಹುಟ್ಟಿಸುವುದು ಮೂರನೆಯದು. ಕ್ಲೇಮು ಮಾಡಬೇಕಾದರೆ ಆಸ್ಪತ್ರೆಯವರು ಒಂದು ಕಾಯಿಲೆಯ ಹೆಸರು ಬರೆಯಲೇಬೇಕು. ಅವರು ನ್ಯುಮೋನಿಯಾ ಬರೆದಿರಬಹುದು, ಮಧುಮೇಹದ ತೊಡಕು ಎಂದು ಬರೆದಿರಬಹುದು. ಅದು ನಿಮ್ಮ ತಾಯಿಯವರ ಹೆಸರಿನ ಮುಂದೆ ದಾಖಲೆಯಾಗಿ ಕೂರುತ್ತದೆ. ನಾಳೆ ಕಂಪನಿ ಬದಲಿಸಲು ಹೊರಟರೆ ಹೊಸ ಕಂಪನಿ ಹಳೆಯ ಕ್ಲೇಮುಗಳನ್ನು ತರಿಸಿ ನೋಡುತ್ತದೆ. ‘ಈ ಕಾಯಿಲೆ ಇತ್ತಲ್ಲ, ಯಾಕೆ ಹೇಳಲಿಲ್ಲ’ ಎಂಬ ಪ್ರಶ್ನೆ ಏಳುವುದು ಅಲ್ಲಿ.

ಇನ್ನೊಂದು ಸೂಕ್ಷ್ಮವಿದೆ. ಒಂದು ಪಾಲಿಸಿಯನ್ನು ಸತತ 60 ತಿಂಗಳು ನಡೆಸಿಕೊಂಡು ಬಂದರೆ, ಹಿಂದೆ ಏನನ್ನೋ ಮುಚ್ಚಿಟ್ಟಿದ್ದೀರಿ ಎಂಬ ಕಾರಣಕ್ಕೆ ಕಂಪನಿ ಕ್ಲೇಮು ತಳ್ಳಿಹಾಕುವಂತಿಲ್ಲ. ಈ ರಕ್ಷಣೆಗಿರುವ ವಿನಾಯಿತಿಯೆಂದರೆ ವಂಚನೆ ಸಾಬೀತಾದ ಪ್ರಕರಣ. ನಿಮ್ಮ ತಾಯಿಯವರ ಸಹಿ ಇರುವ ಸುಳ್ಳು ಕ್ಲೇಮೊಂದು ಕಡತದಲ್ಲಿ ಸುಮ್ಮನೆ ಬಿದ್ದಿದ್ದರೆ ಮುಂದೆ ಅದು ಯಾರ ವಂಚನೆ ಎಂದು ವಾದಿಸಬೇಕಾಗುತ್ತದೆ. ಆದ್ದರಿಂದ ‘ಇದು ನನ್ನದಲ್ಲ’ ಎಂದು ಈಗಲೇ, ದಿನಾಂಕದ ಸಮೇತ, ಬರಹದಲ್ಲಿ ದಾಖಲಿಸಿ.

ವಿಮಾ ಕಂಪನಿಯ ಕುಂದುಕೊರತೆ ಅಧಿಕಾರಿಗೂ ಕಂಪನಿಯ ಪರವಾಗಿ ಕ್ಲೇಮು ನೋಡಿಕೊಳ್ಳುವ ಟಿಪಿಎ ಸಂಸ್ಥೆ ಇದ್ದರೆ ಅವರಿಗೂ ಇಮೇಲ್ ಹೋಗಲಿ. ಪಾಲಿಸಿ ಸಂಖ್ಯೆ, ಮೆಸೇಜಿನಲ್ಲಿರುವ ಕ್ಲೇಮು ಸಂಖ್ಯೆ ಹಾಕಿ. ‘ನಾನು ಈ ಆಸ್ಪತ್ರೆಗೆ ದಾಖಲಾಗಿಲ್ಲ, ಈ ಕ್ಲೇಮಿಗೆ ಒಪ್ಪಿಗೆ ಕೊಟ್ಟಿಲ್ಲ, ಪಾವತಿ ತಡೆಯಿರಿ, ನನ್ನ ಕ್ಲೇಮು ದಾಖಲೆಯಿಂದ ಇದನ್ನು ತೆಗೆದು ವಿಮಾ ಮೊತ್ತ ಮತ್ತು ಬೋನಸ್ ಮೊದಲಿನಂತೆ ಮಾಡಿ’ ಎಂದು ಬರೆಯಿರಿ. ಜೊತೆಗೆ ಕಡತದ ಪ್ರತಿಗಳನ್ನು ಕೇಳಿ: ಪೂರ್ವಾನುಮತಿ ಅರ್ಜಿ, ಡಿಸ್ಚಾರ್ಜ್ ಸಾರಾಂಶ, ಬಿಲ್ಲುಗಳು, ಕೊಟ್ಟಿರುವ ಗುರುತಿನ ದಾಖಲೆ, ಸಹಿ ಇರುವ ಹಾಳೆ. ದಾಖಲಾಗಿದ್ದರು ಎನ್ನುವ ದಿನಗಳಲ್ಲಿ ತಾಯಿಯವರು ಬೇರೆ ಕಡೆ ಇದ್ದದ್ದಕ್ಕೆ ಬ್ಯಾಂಕ್ ಶಾಖೆಯಲ್ಲಿ ಹಣ ತೆಗೆದ ಚೀಟಿ, ಬಸ್ಸಿನ ಟಿಕೆಟು, ದಿನಾಂಕ ಇರುವ ಫೋಟೋ ಏನಿದ್ದರೂ ಒಂದು ಕಡೆ ಸೇರಿಸಿಡಿ. ದೂರಿಗೆ ಎರಡು ವಾರದಲ್ಲಿ ಉತ್ತರ ಬಾರದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ (ಐಆರ್‌ಡಿಎಐ) ‘ಬಿಮಾ ಭರೋಸಾ’ ಪೋರ್ಟಲ್, ಅಥವಾ 155255ಕ್ಕೆ ಕರೆ. ಪೊಲೀಸ್ ದೂರನ್ನೂ ಕೊಡಿ. ಬೇರೊಬ್ಬರ ಹೆಸರಿನಲ್ಲಿ ನಟಿಸಿ ಮೋಸ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 319ನೇ ಕಲಮಿಗೆ ಬರುತ್ತದೆ.

ಮನೆಯಲ್ಲಿ ತಾಯಿಯವರನ್ನು ಮೆಲ್ಲಗೆ ಕೇಳಬೇಕಾದ್ದೂ ಒಂದಿದೆ. ‘ಒಂದು ದಿನ ಹಾಸಿಗೆ ಮೇಲೆ ಮಲಗಿದ್ದು ಹೋಗಿ, ಕೈಗೆ ಎರಡು ಸಾವಿರ ಕೊಡ್ತೇವೆ’ ಎಂದು ಯಾರಾದರೂ ಹೇಳಿದ್ದರೇ? ಅದಕ್ಕೆ ಒಪ್ಪಿ ಹಣ ಪಡೆದಿದ್ದರೆ ಕಾನೂನಿನ ಕಣ್ಣಿನಲ್ಲಿ ಅವರು ಮೋಸ ಹೋದವರಲ್ಲ, ಪಾಲುದಾರರು. ಪಾಲಿಸಿಯೇ ರದ್ದಾಗಬಹುದು. ಹಾಗಿದ್ದರೆ ಇಮೇಲ್ ಬರೆಯುವ ಮೊದಲು ವಕೀಲರನ್ನು ಕಾಣಿ. ಇಲ್ಲದ್ದನ್ನು ಬರೆದು ಸಿಕ್ಕಿಹಾಕಿಕೊಳ್ಳಬೇಡಿ.

ನಿಮ್ಮ ಪ್ರಕರಣದಲ್ಲಿ ಮೆಸೇಜು ಬಂದದ್ದೇ ಅದೃಷ್ಟ. ಪಾಲಿಸಿಯಲ್ಲಿ ದಾಖಲಾದ ಮೊಬೈಲ್ ನಂಬರನ್ನೇ ಮೊದಲು ಬದಲಿಸಿಬಿಟ್ಟರೆ ಮನೆಯವರಿಗೆ ಏನೂ ತಿಳಿಯುವುದಿಲ್ಲ. ಅನೇಕರ ಪಾಲಿಸಿಯಲ್ಲಿ ಇರುವುದು ಏಜೆಂಟರ ನಂಬರು, ಅದೂ ಅಷ್ಟೇ ಕೆಟ್ಟದ್ದು. ಸರ್ಕಾರಿ ಯೋಜನೆಯೂ ಇದಕ್ಕೆ ಹೊರತಲ್ಲ: ಆಯುಷ್ಮಾನ್ ಯೋಜನೆಯನ್ನು ಪರಿಶೀಲಿಸಿದ 2023ರ ಸಿಎಜಿ (ಮಹಾಲೇಖಪಾಲರು) ವರದಿಯಲ್ಲಿ, ಸುಮಾರು 7.5 ಲಕ್ಷ ಫಲಾನುಭವಿಗಳ ಮುಂದೆ 9999999999 ಎಂಬ ಒಂದೇ ಮೊಬೈಲ್ ನಂಬರು ಇತ್ತು. ಅವರ ಹೆಸರಿನಲ್ಲಿ ಯಾರಾದರೂ ಕಾರ್ಡು ಬಳಸಿದರೆ ಎಚ್ಚರಿಕೆ ಸಂದೇಶ ಹೋಗುವುದಾದರೂ ಎಲ್ಲಿಗೆ? ನಿಮ್ಮ ಮನೆಯ ಪ್ರತಿ ಪಾಲಿಸಿಯಲ್ಲೂ ಯಾವ ನಂಬರು, ಯಾವ ಇಮೇಲ್, ಯಾವ ಬ್ಯಾಂಕ್ ಖಾತೆ ಇದೆ ಎಂದು ಕಂಪನಿಯ ಆ್ಯಪ್‌ನಲ್ಲೋ ಶಾಖೆಯಲ್ಲೋ ಒಮ್ಮೆ ನೋಡಿಕೊಳ್ಳಿ. ಖಾತೆ ಬದಲಾಗಿದ್ದರೆ ಯಾರೋ ರೀಇಂಬರ್ಸ್‌ಮೆಂಟ್ ಕ್ಲೇಮಿಗೆ ತಯಾರಿ ನಡೆಸಿದ್ದಾರೆ ಎಂದೇ ತಿಳಿಯಿರಿ.

ಆಧಾರ್ ಜೆರಾಕ್ಸ್ ಹೊರಗೆ ಹೋಗಿರುವುದರಿಂದ ಎಂಆಧಾರ್ ಆ್ಯಪ್‌ನಲ್ಲೋ ಆಧಾರ್ ಪ್ರಾಧಿಕಾರದ (ಯುಐಡಿಎಐ) ಜಾಲತಾಣದಲ್ಲೋ ಬಯೋಮೆಟ್ರಿಕ್ ಲಾಕ್ ಮಾಡಿ. ಬೆರಳಚ್ಚು ಬೇಕಾದ ದಿನ ತಾತ್ಕಾಲಿಕವಾಗಿ ತೆರೆಯಬಹುದು. ಆಧಾರ್ ಎಲ್ಲೆಲ್ಲಿ ದೃಢೀಕರಣಕ್ಕೆ ಬಳಕೆಯಾಗಿದೆ ಎಂಬ ಆರು ತಿಂಗಳ ಪಟ್ಟಿಯೂ ಅಲ್ಲೇ ಸಿಗುತ್ತದೆ. ಮುಂದೆ ಪ್ರತಿ ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಯಾರಿಗೆ, ಯಾತಕ್ಕೆ, ಯಾವ ದಿನ ಎಂದು ಅದರ ಮೇಲೆ ಅಡ್ಡಕ್ಕೆ ಬರೆಯಿರಿ.

ಪ್ರಶ್ನೆ: ‘ಹೆಲ್ತ್ ಪಾಲಿಸಿಗೆ ಜಿಎಸ್‌ಟಿ ತೆಗೆದಿದ್ದಾರೆ, ನೀವು ಕಟ್ಟಿದ್ದ 18 ಪರ್ಸೆಂಟ್ ವಾಪಸ್ ಬರುತ್ತೆ, ಪಿನ್ ಹಾಕಿ’ ಅನ್ನುತ್ತಾರೆ. ನಿಜವೇ?

ಉತ್ತರ: ಮೊದಲ ಮಾತು ನಿಜ, ಉಳಿದದ್ದು ಬಲೆ. ವೈಯಕ್ತಿಕ ಆರೋಗ್ಯ ಪಾಲಿಸಿಗಳ ಪ್ರೀಮಿಯಂಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ. ಅದಕ್ಕೂ ಮೊದಲು ಕಟ್ಟಿದ ತೆರಿಗೆಯನ್ನು ಫೋನ್ ಮಾಡಿ ಹಂಚುವ ವ್ಯವಸ್ಥೆ ಇಲ್ಲ. ಯುಪಿಐ ಪಿನ್ ಬೇಕಾಗುವುದು ಹಣ ಕಳಿಸಲು, ಪಡೆಯಲು ಅಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ‘ಹಣ ಕೊಡಿ’ ಎಂಬ ಕಲೆಕ್ಟ್ ಕೋರಿಕೆ ಕಳಿಸುವುದನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ಕ್ಯೂಆರ್ ಕೋಡ್ ಮತ್ತು ಆಟೋಪೇ ದಾರಿಗಳು ತೆರೆದೇ ಇವೆ. ಆಟೋಪೇಗೆ ಒಮ್ಮೆ ಪಿನ್ ಹಾಕಿದರೆ ತಿಂಗಳು ತಿಂಗಳು ಹಣ ಕಡಿತವಾಗುತ್ತದೆ. ಈಗಾಗಲೇ ಪಿನ್ ಹಾಕಿದ್ದರೆ ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿ ತೆರೆದು, ಗೊತ್ತಿಲ್ಲದ ಹೆಸರಿನದನ್ನು ರದ್ದು ಮಾಡಿ.

ಪ್ರಶ್ನೆ: ನಮ್ಮ ಮಾವನವರಿಗೆ 69. ‘ಐಆರ್‌ಡಿಎಐನಿಂದ ಮಾತಾಡ್ತಿದ್ದೇವೆ, ನಿಮ್ಮ ಹೆಲ್ತ್ ಪಾಲಿಸಿ ಪ್ರೀಮಿಯಂ ಮುಂದಿನ ತಿಂಗಳು ಎರಡು ಪಟ್ಟಾಗುತ್ತೆ, ಈಗಲೇ ಪೋರ್ಟ್ ಮಾಡಿ, ಅಂದರೆ ಬೇರೆ ಕಂಪನಿಗೆ ಬದಲಿಸಿಕೊಳ್ಳಿ’ ಎಂದು ಹೆದರಿಸಿ 38,000 ಕಟ್ಟಿಸಿಕೊಂಡರು. ಪಾಲಿಸಿ ಮನೆಗೆ ಬಂತು. ಓದಿ ನೋಡಿದರೆ ಅದು ಜೀವ ವಿಮೆ, ಹತ್ತು ವರ್ಷ ಕಟ್ಟಬೇಕಂತೆ! ಹಳೆಯ ಹೆಲ್ತ್ ಪಾಲಿಸಿಯ ಕಂತು ಕಟ್ಟಿಲ್ಲ.

ಉತ್ತರ: ಇಂದೇ ಎರಡು ಕೆಲಸ ಆಗಬೇಕು, ಹಳೆಯದನ್ನು ಉಳಿಸಿಕೊಳ್ಳುವುದು ಮೊದಲಿನದು. ವಾರ್ಷಿಕ ಕಂತಿಗೆ ಕೊನೆಯ ದಿನದ ನಂತರ 30 ದಿನಗಳ ರಿಯಾಯಿತಿ ಅವಧಿ ಇರುತ್ತದೆ. ಅಷ್ಟರೊಳಗೆ ಕಟ್ಟಿದರೆ ಹಳೆಯ ಕಾಯಿಲೆಗಳಿಗೆ ಕ್ಲೇಮು ಸಿಗಲು ಕಾಯಬೇಕಾದ ಅವಧಿಯ ಲೆಕ್ಕ ಮುರಿಯುವುದಿಲ್ಲ. ಆದರೆ ಕಟ್ಟದೆ ಉಳಿದ ನಡುವಿನ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಕ್ಲೇಮು ಸಿಗದು, ಹಾಗಾಗಿ ಕೊನೆಯ ದಿನದವರೆಗೆ ಎಳೆಯಬೇಡಿ. ಪಾಲಿಸಿ ಪೂರ್ತಿ ಬಿದ್ದುಹೋದರೆ ಹೊಸದರಲ್ಲಿ ಹಳೆಯ ಕಾಯಿಲೆಗಳಿಗೆ ಮತ್ತೆ ಮೂರು ವರ್ಷದವರೆಗೆ ಕಾಯಬೇಕಾದೀತು. 69ರ ವಯಸ್ಸಿನಲ್ಲಿ ಅದು 38,000ಕ್ಕಿಂತ ದೊಡ್ಡ ಪೆಟ್ಟು.

ಎರಡನೆಯದು ಹೊಸ ಪಾಲಿಸಿಯನ್ನು ಹಿಂದಿರುಗಿಸುವುದು. ಪಾಲಿಸಿ ದಾಖಲೆ ಕೈಗೆ ಬಂದ ದಿನದಿಂದ 30 ದಿನ ‘ಫ್ರೀ ಲುಕ್’, ಅಂದರೆ ಬೇಡವಾದರೆ ಹಿಂದಿರುಗಿಸಬಹುದಾದ ಅವಧಿ. ಪತ್ರದಲ್ಲಿ ಪಾಲಿಸಿ ಸಂಖ್ಯೆ, ದಾಖಲೆ ಸಿಕ್ಕ ದಿನಾಂಕ, ‘ಆರೋಗ್ಯ ವಿಮೆಯ ಪೋರ್ಟಿಂಗ್ ಎಂದು ಸುಳ್ಳು ಹೇಳಿ ಮಾರಲಾಗಿದೆ, ಫ್ರೀ ಲುಕ್ ಅಡಿ ರದ್ದು ಮಾಡಿ’ ಎಂಬ ವಾಕ್ಯ, ರದ್ದು ಮಾಡಿದ ಚೆಕ್ಕಿನ ಹಾಳೆ ಇರಲಿ. ಶಾಖೆಗೆ ಹೋಗಿ ಕೊಟ್ಟು ಸೀಲು ಹಾಕಿದ ಸ್ವೀಕೃತಿ ಪಡೆಯಿರಿ, ಇಮೇಲ್ ಕೂಡ ಮಾಡಿ. ಕೊರಿಯರ್ ಕವರನ್ನು ಎಸೆಯಬೇಡಿ, ಅದರ ಮೇಲಿನ ದಿನಾಂಕವೇ ನಿಮ್ಮ ಸಾಕ್ಷಿ. ರಕ್ಷಣೆ ಇದ್ದ ಅಷ್ಟು ದಿನಗಳ ಪಾಲು, ವೈದ್ಯಕೀಯ ತಪಾಸಣೆ ಆಗಿದ್ದರೆ ಅದರ ಖರ್ಚು ಮತ್ತು ಸ್ಟ್ಯಾಂಪ್ ಶುಲ್ಕ ಕಳೆದು ಉಳಿದದ್ದು ಬರುತ್ತದೆ. ‘ನಾನೇ ರದ್ದು ಮಾಡಿಸಿಕೊಡ್ತೇನೆ, ಒಂದು ತಿಂಗಳು ತಾಳಿ’ ಎಂದು ಮಾರಿದವನೇ ಸಮಾಧಾನ ಹೇಳಿದರೆ ಅವನು ಕಾಯುತ್ತಿರುವುದು ಆ 30 ದಿನ ಕಳೆಯುವುದನ್ನು.

ಕಂಪನಿಯವರು ‘ದೃಢೀಕರಣ ಕರೆಯಲ್ಲಿ ನೀವೇ ಎಲ್ಲದಕ್ಕೂ ಹೌದು ಎಂದಿದ್ದೀರಿ’ ಎಂದು ಧ್ವನಿಮುದ್ರಣ ತೋರಿಸಬಹುದು. ‘ಒಂದು ಕಾಲ್ ಬರುತ್ತೆ, ಎಲ್ಲದಕ್ಕೂ ಎಸ್ ಅನ್ನಿ, ಇಲ್ಲಾಂದ್ರೆ ಬೋನಸ್ ಹೋಗುತ್ತೆ’ ಎಂದು ಮೊದಲೇ ಹೇಳಿಕೊಟ್ಟಿರುತ್ತಾರೆ. ಫ್ರೀ ಲುಕ್ ಒಳಗಿದ್ದರೆ ಆ ಮುದ್ರಣದಿಂದ ನಿಮಗೆ ಬಾಧಕವಿಲ್ಲ. ಅವಧಿ ದಾಟಿದ್ದರೆ ಕಂಪನಿಗೆ ದೂರು ಕೊಟ್ಟು, 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ (ದೂರು ಇತ್ಯರ್ಥ ಮಾಡುವ ಅಧಿಕಾರಿ) ಬಳಿ ಹೋಗಿ. 50 ಲಕ್ಷದವರೆಗಿನ ದೂರು ಅಲ್ಲಿ ನಡೆಯುತ್ತದೆ, ಶುಲ್ಕವಿಲ್ಲ, ವಕೀಲರೂ ಬೇಡ. ಕಂಪನಿ ‘ಆಗದು’ ಎಂದ ಒಂದು ವರ್ಷದೊಳಗೆ ದೂರು ಸೇರಬೇಕು.

ಐಆರ್‌ಡಿಎಐ ಒಂದು ನಿಯಂತ್ರಣ ಸಂಸ್ಥೆ. ಅದು ಪಾಲಿಸಿ ಮಾರುವುದಿಲ್ಲ, ಬೋನಸ್ ಹಂಚುವುದಿಲ್ಲ, ಯಾರಿಗೂ ಪೋರ್ಟ್ ಮಾಡಿ ಎಂದು ಫೋನ್ ಮಾಡುವುದಿಲ್ಲ. ಪ್ರೀಮಿಯಂ ಎರಡು ಪಟ್ಟಾಗುವ ಹೆದರಿಕೆಯೂ ಪೊಳ್ಳು: ಅರವತ್ತು ದಾಟಿದವರ ಆರೋಗ್ಯ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿಗಳು ಮೊದಲು ತನ್ನೊಂದಿಗೆ ಸಮಾಲೋಚಿಸಬೇಕು ಎಂದು ಅದೇ ಪ್ರಾಧಿಕಾರ 2025ರ ಜನವರಿಯಲ್ಲಿ ಹೇಳಿದೆ. ನಿಜವಾಗಿ ಪೋರ್ಟ್ ಮಾಡುವವರು ನವೀಕರಣಕ್ಕೆ 45 ದಿನ ಮೊದಲೇ ಹೊಸ ಕಂಪನಿಗೆ ಅರ್ಜಿ ಹಾಕಿ, ಅವರು ಒಪ್ಪಿ ಬರಹದಲ್ಲಿ ತಿಳಿಸುವವರೆಗೆ ಹಳೆಯದನ್ನು ಬಿಡಬಾರದು. ಹಣ ಹೋಗುವುದು ವಿಮಾ ಕಂಪನಿಯ ಹೆಸರಿಗೇ. ಯುಪಿಐ ಪರದೆಯಲ್ಲಿ ವ್ಯಕ್ತಿಯ ಹೆಸರು ಕಂಡರೆ ಅಲ್ಲಿಗೇ ನಿಲ್ಲಿಸಿ.

ಪ್ರಶ್ನೆ: ‘ಆಭಾ’ ಕಾರ್ಡು ಮಾಡಿಸಿದರೆ ಐದು ಲಕ್ಷದ ವಿಮೆ ಸಿಗುತ್ತದೆಯೇ? 499 ರೂಪಾಯಿ ಕೇಳುತ್ತಿದ್ದಾರೆ.

ಉತ್ತರ: ಇಲ್ಲ. ಆಭಾ ಎನ್ನುವುದು ವೈದ್ಯಕೀಯ ದಾಖಲೆಗಳನ್ನು ಜೋಡಿಸುವ 14 ಅಂಕಿಯ ಸಂಖ್ಯೆ. ವಿಮೆಗೂ ಅದಕ್ಕೂ ಸಂಬಂಧವಿಲ್ಲ, ಮಾಡಿಸಲು ಒಂದು ರೂಪಾಯಿಯೂ ಬೇಡ.

ಪ್ರಶ್ನೆ: 1600ರಿಂದ ಶುರುವಾಗುವ ನಂಬರಿನಿಂದ ಬಂದರೆ ನಂಬಬಹುದು ಅಂತಾರೆ. ಹೌದೇ?

ಉತ್ತರ: ಅರ್ಧ. ಬ್ಯಾಂಕು, ವಿಮೆ, ಸರ್ಕಾರಿ ಸಂಸ್ಥೆಗಳ ಸೇವಾ ಕರೆಗಳಿಗೆ 1600 ಸರಣಿಯನ್ನೂ ಪ್ರಚಾರದ ಕರೆಗಳಿಗೆ 140 ಸರಣಿಯನ್ನೂ ಮೀಸಲಿಟ್ಟಿದ್ದಾರೆ. ‘ವಿಮಾ ಕಂಪನಿಯಿಂದ’ ಎಂದು ಸಾಮಾನ್ಯ ಹತ್ತಂಕಿಯ ಮೊಬೈಲ್ ನಂಬರಿನಿಂದ ಕರೆ ಬಂದರೆ ಅನುಮಾನಪಡಲು ಅಷ್ಟೇ ಸಾಕು. ಆದರೆ ಪರದೆಯ ಮೇಲೆ ಕಾಣುವ ನಂಬರನ್ನು ನಕಲು ಮಾಡುವ ತಂತ್ರಗಳಿವೆ. ಆದ್ದರಿಂದ 1600 ಕಂಡರೂ ಒಟಿಪಿ, ಪಿನ್, ಆಧಾರ್ ಸಂಖ್ಯೆ ಹೇಳುವಂತಿಲ್ಲ. ಕರೆ ಕಡಿದು ಪಾಲಿಸಿಯಲ್ಲಿ ಅಚ್ಚಾಗಿರುವ ನಂಬರಿಗೆ ನೀವೇ ತಿರುಗಿ ಮಾಡಿ. ನಿಜವಾದ ಕೆಲಸವಿದ್ದರೆ ಅಲ್ಲಿ ಸಿಕ್ಕೇ ಸಿಗುತ್ತದೆ. ‘ಫೋನ್ ಇಡಬೇಡಿ, ಲೈನಲ್ಲೇ ಇರಿ’ ಎಂದು ಒತ್ತಾಯಿಸುವವರಿಗೆ ಬೇಡವಾಗಿರುವುದೇ ನೀವು ಹಾಗೆ ತಿರುಗಿ ಮಾಡುವುದು.

ಕರೆ ಮಾಡಿದವನಿಗೆ ನಿಮ್ಮ ಹೆಸರು, ಪಾಲಿಸಿ ಸಂಖ್ಯೆ, ನವೀಕರಣದ ದಿನಾಂಕ ಎಲ್ಲ ಗೊತ್ತಿರಬಹುದು. ಅಂಥ ಪಟ್ಟಿಗಳು ಸೋರುತ್ತವೆ, ಕೈ ಬದಲಾಗುತ್ತವೆ. ವಿವರ ಗೊತ್ತು ಎಂಬ ಮಾತ್ರಕ್ಕೆ ಅವನು ಕಂಪನಿಯವನಲ್ಲ. ಹಿರಿಯರು ನಂಬುವುದು ಇದೇ ಜಾಗದಲ್ಲಿ, ಆದ್ದರಿಂದ ‘ಅಷ್ಟೂ ಗೊತ್ತಾಗಲಿಲ್ಲವಾ’ ಎಂದು ಅವರನ್ನು ಬೈಯುವುದು ಅನ್ಯಾಯ. ಬೈಸಿಕೊಂಡವರು ಮುಂದಿನ ಸಲ ಹೇಳುವುದೇ ಇಲ್ಲ.

ಪ್ರಶ್ನೆ: ಅತ್ತೆಗೆ ವಿಡಿಯೊ ಕರೆ ಬಂತು. ‘ನಿಮ್ಮ ಹೆಲ್ತ್ ಪಾಲಿಸಿಯಲ್ಲಿ ಮುಂಬೈಯಲ್ಲಿ ಸುಳ್ಳು ಕ್ಲೇಮ್ ಆಗಿದೆ, ಕೇಸ್ ದಾಖಲಾಗಿದೆ’ ಎಂದು ಒಬ್ಬ ಹೇಳಿ, ಪೊಲೀಸ್ ಸಮವಸ್ತ್ರದಲ್ಲಿದ್ದ ಇನ್ನೊಬ್ಬನಿಗೆ ಕೊಟ್ಟ. ‘ಮನೆಯವರಿಗೆ ಹೇಳಿದರೆ ಅವರನ್ನೂ ಅರೆಸ್ಟ್ ಮಾಡ್ತೇವೆ’ ಅಂದನಂತೆ. ಅತ್ತೆ ಹೆದರಿ ಫೋನ್ ಆಫ್ ಮಾಡಿದರು. ಮುಂದೇನು?

ಉತ್ತರ: ಹೆದರಿಯೇ ಆಗಲಿ, ಸರಿಯಾದದ್ದನ್ನೇ ಮಾಡಿದ್ದಾರೆ. ವಿಡಿಯೊ ಕರೆಯಲ್ಲಿ ಬಂಧಿಸುವ, ಅಂದರೆ ‘ಡಿಜಿಟಲ್ ಅರೆಸ್ಟ್’ ಎಂಬ ಕ್ರಮ ನಮ್ಮ ಕಾನೂನಿನಲ್ಲಿಲ್ಲ. ತನಿಖೆಗಾಗಿ ನಿಮ್ಮ ಉಳಿತಾಯವನ್ನು ‘ಪರಿಶೀಲನಾ ಖಾತೆ’ಗೆ ಹಾಕಿಸಿಕೊಳ್ಳುವ ಪೊಲೀಸರೂ ಇಲ್ಲ. ಆ ನಂಬರನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನ ‘ಚಕ್ಷು’ ವಿಭಾಗದಲ್ಲಿ ವರದಿ ಮಾಡಿ. ಸ್ಕ್ರೀನ್‌ಶಾಟ್ ಇದ್ದರೆ ಸೇರಿಸಿ. ಅತ್ತೆಯವರ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದೂ ಅಲ್ಲೇ ನೋಡಬಹುದು. ಅವರದಲ್ಲದ ನಂಬರು ಕಂಡರೆ ‘ನನ್ನದಲ್ಲ’ ಎಂದು ಗುರುತು ಮಾಡಿ. ಇಂಥ ಮಾತಿನ ನಡುವೆ ಅತ್ತೆಯವರು ಪಾಲಿಸಿ ಸಂಖ್ಯೆಯನ್ನೋ ಆಧಾರ್ ಅನ್ನೋ ಓದಿ ಹೇಳಿದ್ದರೆ, ಮೇಲೆ ತಾಯಿಯವರ ಕ್ಲೇಮಿನ ಉತ್ತರದಲ್ಲಿ ಹೇಳಿದ ಬಯೋಮೆಟ್ರಿಕ್ ಲಾಕ್ ಮತ್ತು ಪಾಲಿಸಿಯ ವಿವರ ಪರಿಶೀಲನೆ ಎರಡೂ ಅವರಿಗೂ ಬೇಕು.

ಪ್ರಶ್ನೆ: ನಿನ್ನೆ ಸಂಜೆ ‘ಕ್ಲೇಮು ಹಣ ಹಾಕ್ತೇವೆ’ ಎಂದು ದೂರದಿಂದಲೇ ಫೋನಿನ ಪರದೆ ನೋಡಬಲ್ಲ ಎನಿಡೆಸ್ಕ್ ಆ್ಯಪ್ ಹಾಕಿಸಿಕೊಂಡು ನನ್ನ ಖಾತೆಯಿಂದ 1,20,000 ತೆಗೆದರು. ಬ್ಯಾಂಕಿನವರು ‘ಒಟಿಪಿ ನೀವೇ ಕೊಟ್ಟಿದ್ದೀರಿ, ನಮ್ಮ ಕೈಲಿ ಏನಿಲ್ಲ’ ಅನ್ನುತ್ತಾರೆ. ನನಗೆ 71 ವರ್ಷ.

ಉತ್ತರ: ಈ ಪುಟ ಓದುವ ಹೊತ್ತಿಗೆ ನೀವು 1930ಕ್ಕೆ ಕರೆ ಮಾಡಿಲ್ಲದಿದ್ದರೆ ಈಗಲೇ ಮಾಡಿ. ಅದು ಬ್ಯಾಂಕುಗಳನ್ನೂ ಪೊಲೀಸರನ್ನೂ ಜೋಡಿಸಿರುವ ವ್ಯವಸ್ಥೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಿರುವಾಗಲೇ ತಡೆಯಲು ಇರುವುದು. ಮೊದಲ ಗಂಟೆಯಲ್ಲಿ ಸಿಕ್ಕಷ್ಟು ಮರುದಿನ ಸಿಗುವುದಿಲ್ಲ, ಆದರೂ ಕೊನೆಯ ಖಾತೆಯಲ್ಲಿ ಉಳಿದದ್ದನ್ನು ತಡೆಹಿಡಿಯಬಹುದು. ಕರೆಗೆ ಮೊದಲು ಇವನ್ನು ಕೈಲಿಟ್ಟುಕೊಳ್ಳಿ: ಹಣ ಹೋದ ಖಾತೆ, ಪ್ರತಿ ವರ್ಗಾವಣೆಯ ಮೊತ್ತ, ದಿನಾಂಕ, ಸಮಯ, ಮತ್ತು ಯುಪಿಐ ಆದರೆ ಆ ವರ್ಗಾವಣೆಯನ್ನು ಗುರುತಿಸುವ 12 ಅಂಕಿಯ ಯುಟಿಆರ್ ಸಂಖ್ಯೆ. 1,20,000 ಮೂರು ಸಲ ಹೋಗಿದ್ದರೆ ಮೂರು ಯುಟಿಆರ್ ಕೊಡಬೇಕು, ಒಂದು ಕೊಟ್ಟರೆ ಒಂದರ ಜಾಡು ಮಾತ್ರ ಹಿಡಿಯುತ್ತಾರೆ. ಕೊಟ್ಟ ಸ್ವೀಕೃತಿ ಸಂಖ್ಯೆ ಬರೆದುಕೊಂಡು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಪೂರ್ಣಗೊಳಿಸಿ, ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ಅದರ ಪ್ರತಿ ಒಯ್ಯಿರಿ. ಎನಿಡೆಸ್ಕ್ ಅನ್ನು ಫೋನಿನಿಂದ ತೆಗೆಯುವ ಮೊದಲು ಅದರ ಪರದೆ, ಕರೆಗಳ ಪಟ್ಟಿ, ವಾಟ್ಸ್‌ಆ್ಯಪ್ ಮಾತುಕತೆ ಇವನ್ನು ಬೇರೆ ಫೋನಿನಿಂದ ಫೋಟೋ ಹಿಡಿದುಕೊಳ್ಳಿ.

ಬ್ಯಾಂಕಿನ ಮಾತು ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ ಗ್ರಾಹಕನೇ ಗುಟ್ಟಿನ ವಿವರ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕನದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಆದ್ದರಿಂದ ನೀವು ಬ್ಯಾಂಕಿಗೆ ತಿಳಿಸಿದ ಗಂಟೆ ನಿಮಿಷಕ್ಕೆ ಬೆಲೆಯಿದೆ. ಬಾಯಲ್ಲಿ ಹೇಳಿ ಬರಬೇಡಿ, ಶಾಖೆಗೆ ಪತ್ರ ಕೊಟ್ಟು ಸಮಯ ಬರೆದ ಸೀಲು ಹಾಕಿಸಿಕೊಳ್ಳಿ. ದೂರಿನ ನಂತರವೂ ಒಂದು ವರ್ಗಾವಣೆ ನಡೆದಿದ್ದರೆ ಆ ಮೊತ್ತವನ್ನು ಬೇರೆಯಾಗಿ ನಮೂದಿಸಿ. 30 ದಿನದಲ್ಲಿ ತೃಪ್ತಿಕರ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ವಿಚಾರಿಸಲು ನಂಬರು 14448.

ಮುಂದಿನ ವಾರಗಳಲ್ಲಿ ನಿಮಗೆ ಇನ್ನೊಂದು ಕರೆ ಬರಬಹುದು: ‘ಸೈಬರ್ ಸೆಲ್‌ನಿಂದ, ನಿಮ್ಮ 1,20,000 ಸಿಕ್ಕಿದೆ, ಬಿಡಿಸಿಕೊಳ್ಳಲು 6,000 ಶುಲ್ಕ ಕಟ್ಟಿ.’ ಮೋಸ ಹೋದವರ ನಂಬರು ಮೋಸಗಾರರ ನಡುವೆ ಕೈ ಬದಲಾಗುತ್ತದೆ. ತಡೆಹಿಡಿದ ಹಣ ವಾಪಸಾಗುವುದಕ್ಕೆ ಶುಲ್ಕವಿಲ್ಲ. ಅದು ಯಾರ ಯುಪಿಐಗೂ ನೀವು ಏನನ್ನೂ ಕಟ್ಟದೆ, ನಿಮ್ಮ ದೂರಿನ ಸಂಖ್ಯೆಯ ಮೇಲೆ, ನಿಮ್ಮ ಖಾತೆಗೇ ಬರುತ್ತದೆ. ಆ ಕರೆ ಬಂದ ನಂಬರನ್ನೂ ಬರೆದುಕೊಂಡು ಅದೇ ದೂರಿಗೆ ಸೇರಿಸಿ.